ಭವಿತ್ ಮಲಗಿದ್ದಾನಂತೆ

ಭವಿತ್ ಮಲಗಿದ್ದಾನಂತೆ. ಊರಿನ ಮಧ್ಯಾಹ್ನಕ್ಕೆ ಫೋನ್ ಮಾಡಿದರೆ ಈಗಷ್ಟೇ ಮಲಗಿದ, ಸಂಜೆಗೆ ಮಾಡಿದರೆ ಆಡಿ ಸುಸ್ತಾಗಿ ಮಲಗಿದ್ದಾನೆ, ಮರುದಿನ ಮಾಡಿದರೆ ಇನ್ನೂ ಎದ್ದಿಲ್ಲ. ನಾಲ್ಕು ತುಂಬುತ್ತಾ ಬಂದ ಹುಡುಗ. ಪೈವಳಿಕೆಯ ಮನೆಯಂಗಳದಲ್ಲಿ ಕೋಳಿಗಳನ್ನೂ ಒಂದು ಕಡೆ ನಿಲ್ಲಗೊಡದವನು. ಅಂಥವನು ಎಷ್ಟೆಂದು ಮಲಗುತ್ತಾನೆ?

ಪೋಲೆಂಡಿನ ಲುಬ್ಲಿನ್ ಎಂಬ ಊರಿನ ವಿದ್ಯಾರ್ಥಿನಿಲಯದಲ್ಲಿ, ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ನಿಂತು ತೃಪ್ತಿ ಇದೊಂದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದಳು. ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಪಕ್ಕದ ಕೋಣೆಯ ಹುಡುಗಿ, ಜಾರ್ಜಿಯಾ ದೇಶದವಳು, ಒಲೆ ಖಾಲಿಯಾಗುವುದನ್ನು ಕಾಯುತ್ತಿದ್ದಳು. ಈ ಕೆಂಪಕ್ಕಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೆಂಬುದು ಆ ಮಹಡಿಯವರಿಗೆಲ್ಲ ಈಗಾಗಲೇ ಅನುಭವಕ್ಕೆ ಬಂದಿತ್ತು. ಬಂದ ಹೊಸತರಲ್ಲಿ ತೃಪ್ತಿ ಒಣ ಸಿಗಡಿ ಹುರಿದಾಗ ಯಾರೋ ಬಂದು ಕಿಟಕಿಗಳನ್ನೆಲ್ಲ ಹಾರುಹೊಡೆದು ಹೋಗಿದ್ದರು. ಹಿಮದ ಗಾಳಿಗೆ ಅವಳ ಬೆರಳುಗಳು ಮರಗಟ್ಟಿದವು. ಆದರೆ ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನಿಸಿತ್ತು. ಊರಿನಲ್ಲಾದರೆ ಬೈಯುತ್ತಾರೆ, ಬೈದು ಮುಗಿಸುತ್ತಾರೆ.

ತೃಪ್ತಿ ಮಂಗಳೂರಿನಲ್ಲಿ ಬೆಳೆದವಳು. ಇಂಗ್ಲಿಷ್ ಶಾಲೆ, ಮನೆಯ ಮುಂದೆಯೇ ಬಸ್ಸು, ಜ್ವರ ಬಂದರೆ ಮೂಲೆಯಲ್ಲೇ ಡಾಕ್ಟರು. ಅಬುಧಾಬಿಯಲ್ಲಿ ಕೆಲಸದಲ್ಲಿದ್ದ ಮನೀಶನನ್ನು ಮದುವೆಯಾಗಿ, ರಾಜ್ಯದ ಗಡಿಯಾಚೆ ಕಾಗದಪತ್ರವೆಲ್ಲ ಮಲಯಾಳದಲ್ಲಿ ನಡೆಯುವ ಪೈವಳಿಕೆಗೆ ಬಂದ ಮೇಲೆ ಅವಳಿಗೆ ಎಲ್ಲದಕ್ಕೂ ಹೆದರಿಕೆ ಶುರುವಾಯಿತು. ಬಾವಿಗೆ ಕಟ್ಟೆ ಎತ್ತರ ಸಾಲದು. ಹಂಚಿನ ಮಾಡಿನಲ್ಲಿ ಹಾವು ಇರಬಹುದು. ಭವಿತ್ ಹುಟ್ಟಿದ ಮೇಲಂತೂ ಮಗು ಸೀನಿದರೂ ಮೊಬೈಲಿನಲ್ಲಿ ಹುಡುಕುವಳು. ಅತ್ತೆ ಹರಿಣಾಕ್ಷಿ ಅದನ್ನು ನೋಡಿ ಅಂಗಳ ಗುಡಿಸುತ್ತಲೇ ಹೇಳುವಳು: "ಎಂತ ಹೇಳ್ತದೆ ನಿನ್ನ ಮೊಬೈಲು? ಹುಡುಗ ಬದುಕುತ್ತಾನಂತಾ?"

ಹೀಗಿದ್ದವಳು ಹಟ ಹಿಡಿದು ಮಂಗಳೂರಿನ ಕಾಲೇಜಿಗೆ ಮತ್ತೆ ಸೇರಿದಳು. ಉಪ್ಪಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆಹಾರ ವಿಜ್ಞಾನದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಹೊರದೇಶದ ವಿಶ್ವವಿದ್ಯಾಲಯದೊಂದಿಗಿನ ವಿನಿಮಯದ ಇಂಟರ್ನ್‌ಶಿಪ್ಪಿಗೆ ಅವಳ ಹೆಸರು ಬಂತು. ಅರ್ಧ ವರ್ಷ ಅಲ್ಲಿನ ಪ್ರಯೋಗಾಲಯದಲ್ಲಿ ಮೊಸರಿನ ಮೇಲೆ ಕೆಲಸ. ತವರಿನವರಿಗೆ ಸಂತೋಷ, ಮನೀಶನಿಗೆ ಅರ್ಧ ಸಂತೋಷ. ಪ್ರಯಾಣಕ್ಕೆ ಬೇಕೆಂದು ವಿಲೇಜ್ ಆಫೀಸಿನಲ್ಲಿ ಕೊಟ್ಟ ಮಲಯಾಳದ ಕಾಗದ ಅವಳಿಗೆ ಓದಲು ಬಾರದು. ಅದನ್ನು ಓದಿ ಹೇಳಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳು ಹರಿಣಾಕ್ಷಿಯೇ.

"ನಮ್ಮ ಕಡೆ ಗಂಡಸರು ದುಡಿಲಿಕ್ಕೆ ಹೋಗುವುದುಂಟು. ಹೆಂಗಸು ಓದಲಿಕ್ಕೆ ಹೋಗುವುದು ಇದೇ ಮೊದಲು," ಎಂದಿದ್ದಳು ಹರಿಣಾಕ್ಷಿ. "ಹೋಗು. ಹುಡುಗನನ್ನು ನಾನು ನೋಡ್ತೇನೆ. ನಾನು ಮಕ್ಕಳನ್ನು ನೋಡಿ ಮಕ್ಕಳನ್ನು ಸಾಕಿದವಳು. ನೀನು ಪುಸ್ತಕ ನೋಡಿ ಸಾಕಿದವಳು."

"ಏನಾದರೂ ಆದರೆ ಹೇಳ್ತೀರಲ್ಲ ಅತ್ತೆ?"

"ಹೇಳದೆ ಎಂತ ಮಾಡುವುದು?"

ಈ ಮಾತು ಸುಳ್ಳೆಂಬುದು ತೃಪ್ತಿಗೆ ಅಂದೇ ಗೊತ್ತಿರಬೇಕಿತ್ತು. ಯಾಕೆಂದರೆ ಅವಳು ಆ ಮನೆಗೆ ಕಾಲಿಟ್ಟ ಹೊಸತರಲ್ಲೇ ಮನೀಶನ ಅಜ್ಜ ಪೂವಪ್ಪ ತೀರಿಕೊಂಡಿದ್ದ. ಮನೀಶ ಆಗ ಅಬುಧಾಬಿಯಲ್ಲಿ. ದಹನವಾಯಿತು, ಉತ್ತರಕ್ರಿಯೆಯ ಬೊಜ್ಜವಾಯಿತು, ನೆಂಟರು ಉಂಡು ಹೋದರು. ಅಷ್ಟೂ ದಿನ ಮನೀಶನ ಫೋನು ಬಂದಾಗಲೆಲ್ಲ ಹರಿಣಾಕ್ಷಿ ಒಂದಿಷ್ಟೂ ಸ್ವರ ನಡುಗದೆ ಹೇಳಿದಳು: "ಅಜ್ಜ ಮಲಗಿದ್ದಾರೆ ಮಗಾ." ಹೊಸ ಸೊಸೆಯೂ ಬಾಯಿ ಬಿಡಬಾರದೆಂದು ಹೇಳಿಯಾಗಿತ್ತು. ಗಲ್ಫಿಗೆ ಜನ ಕಳಿಸಿದ ಮನೆಗಳಲ್ಲಿ ಇದು ನಡೆದುಬಂದ ರೀತಿ. ದೂರದಲ್ಲಿದ್ದವರಿಗೆ ಕೆಟ್ಟದ್ದನ್ನು ಹೇಳಬಾರದು. ಹೇಳಿದರೆ ಅವರು ಬರಲಾರರು, ಅಲ್ಲಿ ಉಣ್ಣಲಾರರು, ಕೆಲಸದಲ್ಲಿ ಕೈತಪ್ಪಿ ಏನಾದರೂ ಮಾಡಿಕೊಂಡಾರು. ಎಲ್ಲ ಮುಗಿದ ಮೇಲೆ, ಎದುರಿಗೆ ಬಂದಾಗ ಹೇಳಿದರಾಯಿತು. ರಜೆಯಲ್ಲಿ ಬಂದ ಮನೀಶ ಖಾಲಿ ಮಂಚದ ಮುಂದೆ ಕೂತು ಅತ್ತದ್ದನ್ನು ತೃಪ್ತಿ ನೋಡಿದ್ದಳು. ನೋಡಿಯೂ, ಅದೆಲ್ಲ ಹಳೇ ಕಾಲದವರ ಬುದ್ಧಿ, ಈಗ ವಾಟ್ಸಾಪಿನ ಕಾಲ ಎಂದುಕೊಂಡಿದ್ದಳು.

ಲುಬ್ಲಿನ್‌ನಲ್ಲಿ ಮೊದಮೊದಲು ವಾಟ್ಸಾಪಿನಲ್ಲಿ ಭವಿತ್ ದಿನವೂ ಕಾಣಿಸುತ್ತಿದ್ದ. ಅವನಿಗೆ ಹಿಮ ಬೇಕು. ಅವಳು ಕಿಟಕಿಯ ಹತ್ತಿರ ಫೋನ್ ಹಿಡಿದು ತೋರಿಸಿದರೆ, "ಅದು ಉಪ್ಪಾ?" ಎಂದು ಕೇಳುವನು. ಅವಳು ಹೊಸ ಜಾಗಕ್ಕೆ ಒಗ್ಗುತ್ತಿದ್ದಳು. ಯಾವ ಬಸ್ಸು ಪ್ರಯೋಗಾಲಯಕ್ಕೆ ಹೋಗುತ್ತದೆ, ಬೂಟಿನೊಳಗೆ ಯಾವ ಕಾಲುಚೀಲ ಹಾಕಬೇಕು, ಅಂಗಡಿಯಲ್ಲಿ ಹುಳಿ ಮೊಸರು ಯಾವುದು, ಕೆನೆ ಯಾವುದು ಎಲ್ಲ ಗೊತ್ತಾಗತೊಡಗಿತು. ಮಾರ್ಗದರ್ಶಕಿ ಪ್ರೊಫೆಸರ್ ಹೆಚ್ಚು ಮಾತಿನವರಲ್ಲ. ಒಂದು ದಿನ ಅವಳ ಫಲಿತಾಂಶ ನೋಡಿ ತಲೆಯಾಡಿಸಿದರು, ಅಷ್ಟೇ. ಅದಕ್ಕೇ ತೃಪ್ತಿ ಆ ಸಂಜೆ ಒಬ್ಬಳೇ ಕೇಕ್ ತಿಂದಳು. ಮದುವೆಯಾದ ಮೇಲೆ ತನಗಾಗಿ ಮಾತ್ರ ಏನನ್ನಾದರೂ ತಿಂದದ್ದು ಅದೇ ಮೊದಲಿರಬೇಕು.

ಆಮೇಲೆ ಹುಡುಗ ಮಲಗತೊಡಗಿದ.

ನಡುವೆ ಒಂದೇ ಒಂದು ಸಲ ವೀಡಿಯೋದಲ್ಲಿ ಸಿಕ್ಕಿದ. ಪರದೆಯ ತುಂಬ ಬರೀ ಮುಖ. ಕೆನ್ನೆ ಇಳಿದ ಹಾಗಿತ್ತು. "ಅಮ್ಮಾ, ನೀನು ಬೈತಿಯಾ?" ಎಂದು ಕೇಳಿದ. ಯಾಕೆ ಬೈಯಬೇಕು ಎನ್ನುವಷ್ಟರಲ್ಲಿ ಫೋನ್ ಅಲ್ಲಾಡಿತು, ಛಾವಣಿ ಕಂಡಿತು, ಕಡಿಯಿತು. ಆ ಛಾವಣಿಯಲ್ಲಿ ಹಂಚು ಇರಲಿಲ್ಲ. ಬಿಳಿ ಬಣ್ಣ ಬಳಿದ ಕಾಂಕ್ರೀಟು.

"ಅತ್ತೆ, ಎಲ್ಲಿದ್ದೀರಿ?" ಎಂದು ಮತ್ತೆ ಫೋನ್ ಮಾಡಿ ಕೇಳಿದ್ದಕ್ಕೆ ಹರಿಣಾಕ್ಷಿ, "ವರ್ಕಾಡಿಗೆ ಬಂದಿದ್ದೇನೆ, ತಂಗಿ ಮನೆಗೆ. ಅವಳದ್ದು ತಾರಸಿ ಮನೆ ಅಲ್ಲವಾ," ಎಂದಳು. ಉತ್ತರ ಬಂದ ವೇಗ ತೃಪ್ತಿಗೆ ಹಿಡಿಸಲಿಲ್ಲ.

ಆ ವಾರ ಒಂದು ಧ್ವನಿ ಸಂದೇಶ ಬಂತು. "ಅಮ್ಮಾ, ನಂಗೆ ರೈಲು ತಾ," ಎಂದು ಭವಿತ್‌ನ ಸ್ವರ. ಹಿಂದಿನಿಂದ ಮೀನಿನವನ ಸ್ಕೂಟರಿನ ಹಾರ್ನು, ಹರಿಣಾಕ್ಷಿ ಕೂಗಿ ಕೇಳಿದ್ದು: "ಬಂಗುಡೆ ಉಂಟಾ?" ತೃಪ್ತಿಯ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಅದನ್ನು ಬಸ್ಸಿನಲ್ಲಿ ಕೇಳಿದಳು, ಪ್ರಯೋಗಾಲಯದಲ್ಲಿ ಕೇಳಿದಳು. ಕೆಲವು ದಿನ ಕಳೆದು ಇನ್ನೊಂದು ಸಂದೇಶ ಬಂತು. ಅದರಲ್ಲೂ ರೈಲು. ಅದೇ ಹಾರ್ನು. ಅದೇ ಬಂಗುಡೆ.

ಅವಳು ಹಳೆಯ ಸಂದೇಶಗಳನ್ನು ಕೆದಕಿದಳು. ರೈಲಿನ ಮಾತು ಅವಳು ಲುಬ್ಲಿನ್‌ಗೆ ಬಂದ ಮೊದಲ ವಾರದಲ್ಲೇ ಒಮ್ಮೆ ಬಂದಿತ್ತು. ಅದನ್ನೇ ತೆಗೆದು ತೆಗೆದು ಕಳಿಸುತ್ತಿದ್ದಾರೆ. ಹಳಸಿದ ಅನ್ನಕ್ಕೆ ಮತ್ತೆ ಒಗ್ಗರಣೆ ಹಾಕಿದ ಹಾಗೆ.

ಮನೀಶನಿಗೆ ಫೋನ್ ಮಾಡಿದಳು.

"ಎಂತ ಮಾರಾಯ್ತಿ, ಕೆಲಸದ ಹೊತ್ತಿನಲ್ಲಿ?"

"ಭವಿಗೆ ಎಂತ ಆಗಿದೆ?"

"ಎಂತದೂ ಇಲ್ಲ. ಅಮ್ಮ ಹೇಳಿದ್ದಾರಲ್ಲ."

"ನೀವು ಅವನ ಜೊತೆ ಮಾತಾಡಿ ಎಷ್ಟು ದಿನ ಆಯಿತು?"

"ನಿನ್ನೆ ಮಾಡಿದ್ದೆ. ಮಲಗಿದ್ದ."

"ಮನೀಶ್, ಅಜ್ಜನೂ ಮಲಗಿದ್ದರು."

ಆ ಕಡೆ ಯಾರೋ ಹಿಂದಿಯಲ್ಲಿ ಕರೆಯುತ್ತಿದ್ದರು. ಮನೀಶನ ಸ್ವರ ಮೆತ್ತಗಾಯಿತು. "ನಿನಗೆ ಎಲ್ಲದಕ್ಕೂ ಹೆದರಿಕೆ. ಇಷ್ಟು ಒಳ್ಳೆಯ ಅವಕಾಶ ಸಿಕ್ಕಿದೆ, ಮುಗಿಸಿ ಬಾ. ಹುಡುಗನನ್ನು ನೋಡಿಕೊಳ್ಳಲಿಕ್ಕೆ ಜನ ಇದ್ದಾರೆ." ಖಾಲಿ ಮಂಚದ ಮುಂದೆ ಕೂತು, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು ಅತ್ತವನು ಇವನೇ. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು.

ತನ್ನ ತಾಯಿಗೆ ಮಾಡಿದಳು. "ಫೋನ್ ಮಾಡಿ ಮಾಡಿ ಅವರಿಗೆ ಉಪದ್ರ ಕೊಡಬೇಡ," ಎಂದು ತಾಯಿ ಹೇಳಿದಳು. ಹೇಳುತ್ತಾ ಮೂಗೊರೆಸಿಕೊಂಡದ್ದು ಕೇಳಿಸಿತು. ಶೀತ ಅಂತೆ.

ಜಾರ್ಜಿಯಾದ ಹುಡುಗಿಗೆ ಹೇಳಿಕೊಂಡಾಗ ಅವಳು ಹುಬ್ಬು ಗಂಟಿಕ್ಕಿ ಕೇಳಿದಳು, ನಿನ್ನ ಮಗು, ನಿನಗೆ ಯಾಕೆ ಹೇಳುವುದಿಲ್ಲ? ತೃಪ್ತಿಗೆ ಉತ್ತರ ಗೊತ್ತಿತ್ತು. ಪ್ರೀತಿಯಿಂದ ಹೇಳುವುದಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಾಚಿಕೆಯಾಗಿ ಬಿಟ್ಟಳು. ಈಗ ಟಿಕೇಟು ಮಾಡಿ ಹೊರಟುಬಿಟ್ಟರೆ ಇಂಟರ್ನ್‌ಶಿಪ್ಪು ಅರ್ಧಕ್ಕೆ ನಿಲ್ಲುತ್ತದೆ, ವರ್ಷ ಹೋಗುತ್ತದೆ. ಹೋಗಿ ನೋಡುವಾಗ ಹುಡುಗ ಬರೀ ನೆಗಡಿಯಾಗಿ ಮೂಗು ಸುರಿಸಿಕೊಂಡು ಎದುರು ಬಂದರೆ ಅತ್ತೆ ಜೀವಮಾನವಿಡೀ ಆಡಿಕೊಳ್ಳುತ್ತಾಳೆ. ಹೋಗದೆ ಉಳಿದು, ಅಲ್ಲಿ ಇನ್ನೇನಾದರೂ ಇದ್ದರೆ? ಆ ಯೋಚನೆಯ ತುದಿಯವರೆಗೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ.

ನಿಜ ಹೇಳಬಲ್ಲವರು ಪೈವಳಿಕೆಯಲ್ಲಿ ಒಬ್ಬರೇ ಇದ್ದರು. ಪಕ್ಕದ ಮನೆಯ ರಾಜೀವಿ. ಬೀಡಿ ಕಟ್ಟುವ ಹೆಂಗಸು, ಬಾಯಿ ಜೋರು. ಹರಿಣಾಕ್ಷಿಯ ಅಂಗಳದವರೆಗೆ ಆಟೋ ಬರಲು ರಾಜೀವಿ ತನ್ನ ಜಾಗದಲ್ಲಿ ದಾರಿ ಬಿಟ್ಟುಕೊಡದ ವಿಷಯದಲ್ಲಿ ಅವರಿಬ್ಬರಿಗೂ ವರ್ಷಗಳಿಂದ ಮಾತಿಲ್ಲ. ಒಂದು ಎಸಳು ಕರಿಬೇವಿನ ಸೊಪ್ಪಿನ ಕೊಡುಕೊಳ್ಳುವಿಕೆಯೂ ಇಲ್ಲ. ತೃಪ್ತಿ ಹೊರಟ ದಿನ ಅಂಗಡಿಯಲ್ಲಿ ನಿಂತು, "ತಾಯಿ ಇದ್ದೂ ಇಲ್ಲದ ಹಾಗಾಯ್ತು ಆ ಹುಡುಗನಿಗೆ," ಎಂದವಳೂ ಅವಳೇ. ಆ ಮಾತು ತೃಪ್ತಿಯ ಕಿವಿಗೂ ಬಿದ್ದಿತ್ತು. ಊರಿನ ಹೆಂಗಸರ ಕುಟುಂಬಶ್ರೀ ಗುಂಪಿನ ವಾಟ್ಸಾಪಿನಲ್ಲಿ ರಾಜೀವಿಯ ನಂಬರ್ ಇತ್ತು. ಆದರೆ ಅವಳಿಗೆ ಫೋನ್ ಮಾಡುವುದೆಂದರೆ ಮನೆಯ ಮಾನವನ್ನು ಬೀದಿಗೆ ಎಳೆದ ಹಾಗೆ. ಅತ್ತೆ ಸುಳ್ಳು ಹೇಳುತ್ತಾಳೆ ಎಂದು ಅತ್ತೆಯ ವೈರಿಯ ಮುಂದೆ ಸೊಸೆ ಒಪ್ಪಿಕೊಂಡ ಹಾಗೆ. ತೃಪ್ತಿ ಎಷ್ಟೋ ಸಲ ನಂಬರ್ ತೆರೆದು ಮುಚ್ಚಿದಳು.

ಕೊನೆಗೆ ಪ್ರಯೋಗಾಲಯದಲ್ಲಿ ಅವಳ ಕೈಯಿಂದ ಒಂದು ಗಾಜಿನ ಬಾಟಲಿ ಜಾರಿ ಒಡೆಯಿತು. ಪ್ರೊಫೆಸರ್ ಬೈಯಲಿಲ್ಲ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೋ ಎಂದರು. ಅವಳು ಕೋಟನ್ನೂ ಹಾಕಿಕೊಳ್ಳದೆ ಹೊರಗಿನ ಮೆಟ್ಟಿಲಿಗೆ ಬಂದು ರಾಜೀವಿಗೆ ಫೋನ್ ಮಾಡಿದಳು.

"ರಾಜೀವಕ್ಕ, ನಾನು ತೃಪ್ತಿ. ಪಕ್ಕದ ಮನೆಯ."

ಎಲೆ ಕತ್ತರಿಸುತ್ತಿದ್ದ ಕತ್ತರಿಯ ಸದ್ದು ನಿಂತಿತು.

"ಗೊತ್ತಾಯ್ತು. ಊಟ ಆಯ್ತಾ ಮಗಾ? ಅಲ್ಲಿ ಭಾರೀ ಚಳಿ ಅಂತಲ್ಲ. ತಲೆಗೆ ಎಂತಾದರೂ ಕಟ್ಟಿಕೋ."

"ಭವಿ ಹೇಗಿದ್ದಾನೆ?"

"ಚೆಂದ ಇದ್ದಾನೆ. ಅವನಿಗೆಂತ. ಹರಿಣಾಕ್ಷಿಯಕ್ಕ ಅವನನ್ನು ನೆಲಕ್ಕೆ ಬಿಡುವುದಿಲ್ಲ. ಅಷ್ಟು ಒಳ್ಳೆಯ ಅತ್ತೆ ನಿನಗೆ ಸಿಕ್ಕಿದ್ದು ಪುಣ್ಯ."

ರಾಜೀವಿ ಬೈದಿದ್ದರೆ, ಚುಚ್ಚಿ ಮಾತಾಡಿದ್ದರೆ, ಫೋನ್ ಇಟ್ಟುಬಿಟ್ಟಿದ್ದರೆ ತೃಪ್ತಿ ನಿಶ್ಚಿಂತೆಯಿಂದ ಒಳಗೆ ಹೋಗುತ್ತಿದ್ದಳು. ಹರಿಣಾಕ್ಷಿಯನ್ನು ರಾಜೀವಿ ಹೊಗಳಬೇಕಾದರೆ ಆ ಎರಡು ಮನೆಗಳ ನಡುವೆ ಏನೋ ದೊಡ್ಡದೇ ನಡೆದುಹೋಗಿದೆ.

"ಯಾವ ಆಸ್ಪತ್ರೆ, ರಾಜೀವಕ್ಕ?"

ಫೋನಿನ ಆ ಕಡೆ ದೂರದಲ್ಲಿ ಒಂದು ಜೀಪು ಏರು ಹತ್ತುವ ಸದ್ದು ಬಂತು.

"ಮಂಗಳೂರು," ಎಂದಳು ರಾಜೀವಿ. "ಬಚ್ಚಲಿನ ಹಂಡೆಯ ಬಿಸಿನೀರು ಮಗಾ. ಎರಡು ಕಾಲಿಗೂ ಬಿತ್ತು. ಹರಿಣಾಕ್ಷಿ ಬೊಬ್ಬೆ ಹೊಡೆದದ್ದು ಕೇಳಿ ನಾನೇ ಓಡಿದ್ದು. ಆಟೋವನ್ನು ನನ್ನ ಅಂಗಳದ ಮೇಲೆಯೇ ಒಳಗೆ ತರಿಸಿದೆ. ಈಗ ಮನೆಗೆ ತಂದಿದ್ದಾರೆ. ಕಟ್ಟು ಇನ್ನೂ ಬಿಚ್ಚಿಲ್ಲ. ನಡೆಯುತ್ತಾನಂತೆ, ನಿಧಾನ ಆಗ್ತದಂತೆ."

"ಎಲ್ಲರಿಗೂ ಗೊತ್ತಿತ್ತಾ?"

"ಊರಿಗೇ ಗೊತ್ತುಂಟು. ನಿನಗೆ ಹೇಳಬಾರದು ಅಂತ ಅವಳು ನನ್ನ ಜಗಲಿಯಲ್ಲಿ ಕೂತು ಕೈ ಹಿಡಿದು ಕೇಳಿಕೊಂಡಳು. ಅಷ್ಟು ದೂರದಲ್ಲಿ ಒಬ್ಬಳೇ ಇದ್ದಿ. ಗೊತ್ತಾಗಿ ನೀನು ಎಂತ ಮಾಡ್ತೀ?"

ಎಂತ ಮಾಡುತ್ತಿದ್ದೆ ಎಂದು ತೃಪ್ತಿಗೂ ಗೊತ್ತಿರಲಿಲ್ಲ. ಅಳುತ್ತಿದ್ದೆ. ಅಷ್ಟು ಮಾಡುವ ಹಕ್ಕನ್ನೂ ಇವರು ತೆಗೆದುಕೊಂಡರು. ತಾನು ಒಬ್ಬಳೇ ಕೂತು ಕೇಕ್ ತಿಂದ ಸಂಜೆ ಹುಡುಗನ ಕಾಲು ಸುಟ್ಟ ದಿನವೇ ಆಗಿತ್ತೋ ಏನೋ. ಇನ್ನು ಅದನ್ನು ಯಾರನ್ನು ಕೇಳಿದರೂ, ಅವರು ಹೇಳುವ ಉತ್ತರವನ್ನು ನಂಬುವ ಹಾಗಿಲ್ಲ.

"ನೀವು ಈಗ ಅಲ್ಲಿಗೆ ಹೋಗಿ ರಾಜೀವಕ್ಕ. ಫೋನ್ ಇಡಬೇಡಿ. ಅವನ ಕೈಗೆ ಕೊಡಿ."

"ಹರಿಣಾಕ್ಷಿ ನನ್ನನ್ನು ಕೊಂದಾಳು ಮಾರಾಯ್ತಿ."

"ಹೋಗಿ."

ಚಪ್ಪಲಿಯ ಸದ್ದು, ನಾಯಿ ಬೊಗಳಿದ್ದು, ಬಾಗಿಲು ಸರಿದದ್ದು ಎಲ್ಲ ಕೇಳಿಸಿತು. "ಯಾರದ್ದು ಫೋನು?" ಎಂದು ಹರಿಣಾಕ್ಷಿ ಕೇಳಿದಳು. ರಾಜೀವಿ ಹೆಸರು ಹೇಳಿದಳು. ಮಂಚ ಕಿರುಗುಟ್ಟಿತು. "ಭವಿ, ಅಮ್ಮ. ಮಾತಾಡು," ಎಂದು ರಾಜೀವಿ ಹೇಳಿದ್ದು ಕೇಳಿಸಿತು. ಹುಡುಗನ ಉಸಿರು ಫೋನಿಗೆ ಹತ್ತಿರ ಬಂತು.

"ಭವಿ, ಕಾಲು ನೋಯ್ತದಾ ಮಗಾ?"

"ಇಲ್ಲಮ್ಮ," ಎಂದ ಹುಡುಗ. ದೊಡ್ಡವರ ಹಾಗೆ, ಸ್ವರ ಒಂದಿಷ್ಟೂ ನಡುಗದೆ. "ನಂಗೆ ಎಂತದೂ ಆಗ್ಲಿಲ್ಲ. ನೀನು ಓದು."