ಹೊಲಿಯದ ಅಂಚು

ಚಳ್ಳಕೆರೆಯ ನಮ್ಮ ವೃದ್ಧಾಶ್ರಮದ ಹಜಾರಕ್ಕೆ ಪ್ರತಿ ಬುಧವಾರ ಸಂಜೆ ಒಬ್ಬಳು ಹುಡುಗಿ ಚೀಲ ಹೊತ್ತು ಬರುತ್ತಾಳೆ. ಚೀಲದ ತುಂಬ ಹಳೇ ಸಾಮಾನು: ಲಾಟೀನು, ಸೇರು, ಸೀಮೆಎಣ್ಣೆ ಸ್ಟೋವಿನ ಪಿನ್ನು. ಒಂದೊಂದನ್ನೇ ನಮ್ಮ ಕೈಗಿಟ್ಟು, "ಏನು ನೆನಪಾಗುತ್ತೆ ಹೇಳಿ" ಎನ್ನುತ್ತಾಳೆ. ಇದಕ್ಕೆ ನೆನಪಿನ ಚಿಕಿತ್ಸೆ ಎಂದು ಹೆಸರು. ಲಾಟೀನು ನೋಡಿದರೆ ನನಗೆ ನೆನಪಾಗುವುದು ಮಸಿ ಒರೆಸಿದ್ದು ಮಾತ್ರ. ಆದರೂ ಮುಕ್ಕಾಲು ಗಂಟೆ ಮಾತಾಡುತ್ತೇನೆ. ಬೇರೆಯವರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೇ.

ನನ್ನ ಕೋಣೆಗೆ ಹೊಸದಾಗಿ ಬಂದಾಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯಾಕೆ, ಗಂಡ ತೀರಿಕೊಂಡು ಮೂರು ತಿಂಗಳು. ತಟ್ಟೆ ಇಟ್ಟರೆ ಎರಡು ತುತ್ತು ತಿಂದು ಪಕ್ಕಕ್ಕೆ ಸರಿಸುತ್ತಿದ್ದಳು. ದಿನೇ ದಿನೇ ಇಳಿದುಹೋಗುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು.

ಹೋದ ಬುಧವಾರ ಹುಡುಗಿ ಕಾಡಿ ಬೇಡಿ, ನನ್ನ ಟ್ರಂಕಿನಲ್ಲಿದ್ದ ಮೊಳಕಾಲ್ಮೂರು ಸೀರೆಯನ್ನು ಹೊರಗೆ ತೆಗೆಸಿದಳು. ಒಡಲು ಹಸಿರು, ಅಂಚು ಕೆಂಪು. ನಾನು ಎಂದಿನಂತೆ ಶುರುಮಾಡಿದೆ: "ನೋಡ್ರಮ್ಮ, ಈ ಅಂಚು ಐತಲ್ಲ, ಇದನ್ನ ಬ್ಯಾರೆ ನೇಯ್ದು ಆಮ್ಯಾಲೆ ಹೊಲೀತಾರೆ."

"ಎವರು ಚೆಪ್ಪಿನಾರು ನೀಕು?" ಯಾರು ಹೇಳಿದ್ದು ನಿನಗೆ ಎಂದು ನನ್ನ ಕೋಣೆಯಾಕೆ ಮೂಲೆಯಿಂದ ತನ್ನ ಮನೆಮಾತು ತೆಲುಗಿನಲ್ಲೇ ಗುಡುಗಿ, ಆಮೇಲೆ ಕನ್ನಡಕ್ಕೆ ಹೊರಳಿದಳು. "ಹೊಲೀತಾರಂತೆ! ಇಷ್ಟು ವರ್ಷ ಉಟ್ಟು ಇದೂ ಗೊತ್ತಿಲ್ಲೇನಕ್ಕಾ? ಅಂಚು, ಒಡಲು ಜತೆಗೇ ನೇಯೋದು. ನೂಲು ಹಾಯಿಸೋಕೆ ಮೂರು ಲಾಳಿ ಬೇಕು ಇದಕ್ಕೆ, ಇಬ್ರು ಕೂರ್ಬೇಕು!"

ಆಕೆಯ ಬಾಯಿ ಬಿಡಿಸಲೆಂದೇ ತಪ್ಪು ಹೇಳಿದೆ ಎಂದು ಆಮೇಲೆ ಎಲ್ಲರೆದುರು ಕೊಚ್ಚಿಕೊಂಡೆ. ಸುಳ್ಳು. ನಾನು ಹಾಗೆಂದೇ ನಂಬಿದ್ದೆ.

ಆಕೆ ಅಷ್ಟಕ್ಕೇ ಬಿಡಲಿಲ್ಲ. ಸೀರೆಯನ್ನು ಎರಡು ಕುರ್ಚಿಗಳ ನಡುವೆ ಬಿಗಿದು, ನನ್ನನ್ನು ಅದರ ಮುಂದೆ ಕೂರಿಸಿ, ಕೈಗೊಂದು ಬಾಚಣಿಗೆ ಕೊಟ್ಟಳು, ಅದೇ ಲಾಳಿಯಂತೆ. ತಾನು ಅಂಚಿನ ಪಕ್ಕ ಕೂತಳು.

"ನೀನು ಕೂತಿರೋದು ನಮ್ಮ ಯಜಮಾನನ ಜಾಗ, ಆಯಪ್ಪನ ಜಾಗ. ನೀನು ಎಸಿ. ನಾನು ಹಿಡಿದು, ಅಂಚಿನ ನೂಲಿಗೆ ಸಿಕ್ಕಿಸಿ ವಾಪಸ್ ಕೊಡ್ತೀನಿ."

ನಾನು ಎಸೆದ ಬಾಚಣಿಗೆ ಒಮ್ಮೆ ಹುಡುಗಿಯ ಮಡಿಲಿಗೆ ಬಿತ್ತು, ಇನ್ನೊಮ್ಮೆ ಕುರ್ಚಿಯಡಿಗೆ ಹೋಯಿತು. "ಆಯಪ್ಪ ಇದ್ದಿದ್ರೆ ನಿನ್ನ ಮಗ್ಗದ ಹತ್ರಾನೂ ಸೇರಿಸ್ತಿರಲಿಲ್ಲ" ಎಂದು ಬೈದಳು. ಬೈಸಿಕೊಂಡು ಇಷ್ಟು ಸಂತೋಷಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ.

ಅಷ್ಟರಲ್ಲಿ ಊಟದ ಗಂಟೆ ಬಾರಿಸಿದರು. ಆಕೆ ಬಾಚಣಿಗೆ ಕೆಳಗಿಟ್ಟಳು.

"ಮಗ್ಗದಿಂದ ಎದ್ದ ಕೂಡ್ಲೇ ಆಯಪ್ಪಗೆ ತಟ್ಟೆ ಇಡ್ಬೇಕಿತ್ತು. ನಾನೂ ಜತೆಗೇ ಉಣ್ತಿದ್ದೆ" ಎಂದಳು. ಎದ್ದು ನಿಂತು, ನನ್ನ ಕೈ ಹಿಡಿದು ಎಳೆದಳು.

"ಏಳಕ್ಕಾ, ಹಸಿವಾಗೈತೆ."