ಸಾಸಿವೆಯಷ್ಟು ತೂತು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೆಯ ತರಗತಿಯ ನಡುವೆ. ಅಂದಿನಿಂದ ತೂತು ಮುಚ್ಚುವುದೇ ನನ್ನ ಕಸುಬು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಂಚಿನ ನನ್ನ ಪಂಚರ್ ಅಂಗಡಿಯ ಮುಂದೆ ಒಂದು ನೀರಿನ ತೊಟ್ಟಿಯಿದೆ. ಟ್ಯೂಬನ್ನು ಅದರಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟು, ‘ಸಿಕ್ಕಿದೆಯಾ ಮಗನೇ’ ಎಂದುಕೊಳ್ಳುವುದರಲ್ಲಿ ಎಂಥ ಸುಖವಿದೆಯೆಂದು, ಗೆಳೆಯರೇ, ನಿಮಗೆ ಹೇಗೆ ತಿಳಿಸಲಿ? ನಾನು ಮುಚ್ಚಿದ್ದು ಮತ್ತೆ ಬಾಯಿಬಿಟ್ಟು ತಿರುಗಿ ಬಂದದ್ದಿಲ್ಲ ಎಂಬುದೊಂದೇ ನನ್ನ ಪದವಿಪತ್ರ.

ಕಳೆದ ಬೇಸಿಗೆಯಲ್ಲಿ, ದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ಕರಾವಳಿಯ ಮೇಡಂ ಒಬ್ಬರು ಕಾರಿನ ನೆತ್ತಿಗೆ ಕಟ್ಟಿದ್ದ ಕಯಾಕನ್ನು ನನ್ನ ಅಂಗಡಿಯೆದುರು ಇಳಿಸಿದರು. ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ, ಹುರುಳಿಕಾಯಿಯಂತೆ ನೀಳವಾದ ಕಡಲ ದೋಣಿ. ನಮ್ಮ ಮಾರಿಕಣಿವೆಯ ಹಿನ್ನೀರಿಗೆ ಹೊರಟಿತ್ತು. ಅದರ ಹಿಂಬದಿಯ ರಬ್ಬರ್ ಮುಚ್ಚಳ ಹರಿದಿತ್ತು.

“ತೇಪೆ ಹಾಕ್ಲಿಕ್ಕೆ ಆಗ್ತದಾ ಅಣ್ಣ?”

“ಲಾರಿ ಟೈರಿಗೇ ಹಾಕ್ತೀನಿ, ಇದ್ಯಾವ ಲೆಕ್ಕ ಮೇಡಂ? ಕುಂತ್ಕಳ್ರಿ.”

ತೇಪೆ ಕಾಯುವಷ್ಟರಲ್ಲಿ ಟಾರ್ಚ್ ಬಿಟ್ಟು ಒಳಗೆ ಇಣುಕಿದೆ. ಆಸನದ ಹಿಂದೆ ಒಂದು ಅಡ್ಡಗೋಡೆ, ಅದರಾಚೆ, ಆ ಮುಚ್ಚಳದ ಕೆಳಗೆ, ಬರಿಯ ಗಾಳಿ ತುಂಬಿದ ಕೋಣೆ. ದೋಣಿ ಮಗುಚಿದರೂ ಮುಳುಗದಂತೆ ಕಾಯುವುದು ಆ ಗಾಳಿಯೇ ಎಂದು ಮೇಡಂ ಹೇಳಿದ್ದರು. ಅಂಥ ಗೋಡೆಯಲ್ಲಿ ಸಾಸಿವೆಕಾಳು ತೂರುವಷ್ಟು ಒಂದು ತೂತು! ಮಾಡಿದವನ ಕೆಲಸಕ್ಕೆ ನಕ್ಕು, ಅಂಟು ಕಲಸಿ, ಕೇಳದೆ ಹೇಳದೆ ಮುಚ್ಚಿಬಿಟ್ಟೆ.

ನಾಲ್ಕು ದಿನಕ್ಕೆ ಮೇಡಂ ತಿರುಗಿ ಬಂದರು. ಹಿನ್ನೀರಿನಲ್ಲಿ ಗಾಳಿಯೆದ್ದು ಅಲೆಯ ನೀರು ಆಸನದ ಗುಂಡಿಗೆ ನುಗ್ಗಿತಂತೆ. ಅಲ್ಲಿಂದ ಹಿಂದಿನ ಕೋಣೆಗೂ ಇಳಿದು ದೋಣಿಯ ಬಾಲ ಮುಳುಗತೊಡಗಿತಂತೆ. ದಡ ಹತ್ತಿರವಿದ್ದ ಪುಣ್ಯಕ್ಕೆ ಈಜಿ ಬದುಕಿದರಂತೆ. ನೋಡಿದರೆ, ಅಡ್ಡಗೋಡೆ ಅಂಚಿನುದ್ದಕ್ಕೂ ಸೀಳಿತ್ತು.

“ನಿಮ್ಮ ತೇಪೆ ಕಲ್ಲಿನ ಹಾಗೆ ಉಂಟು ಅಣ್ಣ. ಗೋಡೆಯೇ ಹಳತಾಗಿತ್ತು ಕಾಣ್ತದೆ.”

ಬಿಸಿಲಲ್ಲಿ ನಿಂತ ಬೈಕಿನ ಟ್ಯೂಬು ಸಿಡಿಯುವುದನ್ನು ನನ್ನಷ್ಟು ಕಂಡವರಾರು? ಕಾದರೆ ಗಾಳಿ ಹಿಗ್ಗುತ್ತದೆಂದು ತಿಳಿಯಲು ನನಗೆ ಎಂಟನೆಯ ತರಗತಿ ಬೇಕಿರಲಿಲ್ಲ. ಆ ತೂತು ಕೋಣೆಯ ಮೂಗು. ಕಾರಿನ ಮೇಲೆ ಬಿಸಿಲಿಗೆ ಕಾದ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ಒದ್ದಿತ್ತು. ನಮ್ಮೂರು ತಾಳ್ಯದ ಬಯಲಲ್ಲಿ ಕುರಿ ಕಾಯುತ್ತ ಅಪ್ಪ ಹೊದೆಯುತ್ತಿದ್ದ ಕಂಬಳಿಯನ್ನು ಬೆಳಕಿಗೆ ಹಿಡಿದರೆ ಮೈಯೆಲ್ಲ ತೂತೇ; ಆದರೂ ಅದು ಮಳೆಯನ್ನು ತಡೆಯುತ್ತಿತ್ತು, ಬೆವರನ್ನು ಬಿಡುತ್ತಿತ್ತು. ಅದರಡಿಯೇ ಬೆಳೆದ ನನಗೆ ತೂತೆಂದರೆ ತಪ್ಪು ಎಂಬ ಹಟ ಯಾವಾಗ ಬಂತೋ!

ಸೀಳು ಬೆಸೆಯುವ ನೆಪದಲ್ಲಿ ಆ ತೂತನ್ನೂ ಗುಟ್ಟಾಗಿ ಮತ್ತೆ ತೆರೆದುಬಿಡಬಹುದಿತ್ತು, ಹೆಸರು ಉಳಿಯುತ್ತಿತ್ತು. ಆದರೆ ಸುತ್ತಲೂ ಬಿಗಿದುಕೊಂಡ ಮನುಷ್ಯನೂ ಎಲ್ಲೋ ಒಂದು ಅಂಚಿನಲ್ಲಿ ಸೀಳಲೇಬೇಕಲ್ಲ.

“ಮೇಡಂ, ಗೋಡೇದು ತಪ್ಪಿಲ್ಲ. ಅದ್ರಾಗೆ ಒಂದು ತೂತಿತ್ತು. ನಿಮ್ಮನ್ನ ಕೇಳ್ದೆ ನಾನೇ ಮುಚ್ಚಿದ್ದು.”

ಅವರು ನನ್ನ ಟಾರ್ಚ್ ಇಸಿದುಕೊಂಡು ಒಳಗೆ ಇಣುಕಿದರು. “ಕೇಳದೆ ಉಪಕಾರ ಮಾಡುವವರ ಹತ್ರ ಜಾಗ್ರತೆ ಅಂತ ನಮ್ಮಮ್ಮ ಹೇಳ್ತಿದ್ರು,” ಎಂದರು. “ಮುಚ್ಚಿದ ಕೈಯೇ ತೆರೀಲಿ. ಬೇರೆಯವರಿಗೆ ಕೊಡುದಿಲ್ಲ ನಾನು.”

ಸೀಳು ಬೆಸೆದೆ. ಆಮೇಲೆ ಡ್ರಿಲ್ಲಿಗೆ ಅತಿ ಸಣ್ಣ ಮೊನೆ ಸಿಕ್ಕಿಸಿ, ಆಯುಷ್ಯದಲ್ಲಿ ಮೊದಲ ಬಾರಿಗೆ, ಬೇಕೆಂದೇ ಒಂದು ತೂತು ಕೊರೆದೆ.

ಈಗಲೂ ತೊಟ್ಟಿಯಲ್ಲಿ ಗುಳ್ಳೆ ಎದ್ದ ಕಡೆ ಬೆರಳಿಡುತ್ತೇನೆ, ಬೈಯುವುದಿಲ್ಲ. ಇವತ್ತಿಗೆ ನನ್ನಲ್ಲಿರುವುದು ಒಂದು ಕಂಪ್ರೆಸರ್, ಎರಡು ಜಾಕು, ಈ ತೊಟ್ಟಿ, ಅಪ್ಪನ ಕಂಬಳಿ. ಮುಚ್ಚಿದ ತೂತುಗಳಿಗೆ ಲೆಕ್ಕವಿಲ್ಲ, ಕೊರೆದದ್ದು ಒಂದು.