ಎರಡು ಗೆರೆಗೆ ಎರಡು ಹೆಸರು

ಶಿಶು ವಾರ್ಡಿನಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಬೆಳಗಾದರೆ ಅವಳಿಗೆ ಅದೇ ಕೆಲಸ: ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಒಂದೊಂದಾಗಿ ತೂಗಿ ಬರೆದುಕೊಳ್ಳುವುದು. ತಕ್ಕಡಿಯ ತಟ್ಟೆ ತಣ್ಣಗಿರುತ್ತದೆಂದು ಮೊದಲು ಅಂಗೈಯೊತ್ತಿ ಬೆಚ್ಚಗೆ ಮಾಡಿ, ಆಮೇಲೆ ಮಲಗಿಸುವಳು. ಹತ್ತು ಗ್ರಾಂ ಏರಿದರೂ ಸಾಕು, ಮುಖ ಊರಗಲ.

ಹೋದ ತಿಂಗಳು ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳಲ್ಲಿ ಎರಡು ಕೆಟ್ಟು ಕೂತವು. ಬೇರೆ ದಾರಿ ಕಾಣದೆ ದೊಡ್ಡ ಡಾಕ್ಟರು, ಸ್ವಲ್ಪ ಚೇತರಿಸಿಕೊಂಡಿದ್ದ ಕೂಸುಗಳನ್ನು ಅಮ್ಮಂದಿರ ಎದೆಗೇ ಒಪ್ಪಿಸಿದರು. ಪೆಟ್ಟಿಗೆ ರಿಪೇರಿಯಾಗಿ ಬಂದದ್ದೇ ತಡ, ಅಮ್ಮಂದಿರು ಮತ್ತೆ ಹೊರಗಿನ ಬೆಂಚಿಗೆ. ದಿನಕ್ಕೆ ಒಂದೇ ಗಂಟೆ ಒಳಗೆ. ಆದರೆ ಎದೆಯ ಮೇಲಿದ್ದ ಕೂಸುಗಳೇ ಬೇಗ ಮೈ ತುಂಬಿಕೊಂಡಿದ್ದವು. ಅಮ್ಮಂದಿರನ್ನು ಇಡೀ ದಿನ ಒಳಗೆ ಬಿಡಿಸಬೇಕೆಂದು ಹಟ ತೊಟ್ಟು, ತೂಕದಕ್ಕ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಚಾರ್ಟ್ ಮಾಡಿ, ಹಾಳೆ ಒಯ್ದು ಕೊಟ್ಟಳು.

ಡಾಕ್ಟರು ನೋಡಿದರು. "ಈಗಿರೋ ಪದ್ಧತಿ ಸರಿಯಾಗೇ ಇದೆಯಲ್ಲಮ್ಮ. ಪೆಟ್ಟಿಗೆ ಮಕ್ಕಳೇ ಮುಂದಿದಾರೆ."

ಅವಳು ಬಗ್ಗಿ ಹಾಳೆ ನೋಡಿದಳು. ಪರದೆಯ ಮೇಲೆ ಕೆಂಪು, ಹಸಿರು ಆಗಿದ್ದ ಗೆರೆಗಳು ಕಪ್ಪು-ಬಿಳುಪು ಪ್ರಿಂಟರಿನಿಂದ ಒಂದೇ ಬೂದಿ ಬಣ್ಣವಾಗಿ ಹೊರಬಂದಿದ್ದವು. ಯಾವ ಗೆರೆ ಯಾವುದೆಂದು ಹೇಳಬೇಕಾದ ಮೂಲೆಯ ಪುಟ್ಟ ಚೌಕದಲ್ಲಿ 'ಸೀರೀಸ್ 1, ಸೀರೀಸ್ 2' ಎಂದು ಇರುವೆಗಾತ್ರದ ಅಕ್ಷರ.

"ಅಲ್ಲ ಸರ್, ಮೇಲಿನದು..."

"ನಾಳೆ ಹತ್ತಕ್ಕೆ ಮೀಟಿಂಗ್ ಇದೆ, ಅಲ್ಲಿ ತೀರ್ಮಾನ ಮಾಡೋಣ," ಎಂದು ಅವರು ರೌಂಡ್ಸಿಗೆ ಎದ್ದರು.

ನೇರ ರೆಕಾರ್ಡ್ ರೂಮಿಗೆ ನಡೆದಳು. ಅಲ್ಲಿನ ಗುಮಾಸ್ತ ಹಾಳೆ ನೋಡಿ ನಕ್ಕ.

"ಹೆಸರಿಡದೆ ಕೂಗಿದ್ರೆ ಯಾರು ತಿರುಗಿ ನೋಡ್ತಾರಕ್ಕ? ಈ ಚೌಕಕ್ಕೆ ಲೆಜೆಂಡ್ ಅಂತಾರೆ. ಕೂತ್ಕೋ."

ಅಂಕಿಗಳ ಸಾಲಿನ ತಲೆಗೆ ಹೆಸರು ಬರೆದು, ಹೆಸರನ್ನೂ ಸೇರಿಸಿ ಚಾರ್ಟ್ ಮಾಡಿದರೆ ಚೌಕದಲ್ಲೂ ಅದೇ ಬರುತ್ತದೆಂದು ತೋರಿಸಿಕೊಟ್ಟ. ತೂಕದಕ್ಕ ಬೆರಳೆಣಿಸುವಂತೆ ಒಂದೊಂದೇ ಅಕ್ಷರ ಒತ್ತಿದಳು: 'ಅಮ್ಮನ ಎದೆಯ ಮೇಲೆ'. ಇನ್ನೊಂದಕ್ಕೆ 'ಪೆಟ್ಟಿಗೆಯಲ್ಲಿ'. ಮೊದಲನೆಯ ಗೆರೆ ದಪ್ಪ, ಎರಡನೆಯದು ಚುಕ್ಕಿ ಚುಕ್ಕಿ. ಬಣ್ಣ ಕೈಕೊಟ್ಟರೂ ಗುರುತು ಸಿಗಬೇಕು. ಮೂಲೆಯಲ್ಲಿ ಮುದುಡಿದ್ದ ಚೌಕವನ್ನು ಚಾರ್ಟಿನ ನೆತ್ತಿಗೆ ಏರಿಸಿ, ಅಕ್ಷರ ಹಿಗ್ಗಿಸುತ್ತಲೇ ಹೋದಳು.

"ಸಾಕು ಮಾರಾಯ್ತಿ! ಅಂಗಡಿ ಬೋರ್ಡಾ ಇದು?"

"ಆಗ್ಲಿ ಬಿಡಣ್ಣ. ಈ ಸಲ ದೂರದಿಂದ್ಲೇ ಕಾಣ್ಬೇಕು."

ಮರುದಿನ ಮೀಟಿಂಗಿಗೆ ಮೊದಲು, ಬೆಂಚಿನ ತುದಿಯಲ್ಲಿದ್ದ ಒಬ್ಬ ಬಾಣಂತಿಯ ಕೈಗೆ ಹಾಳೆ ಕೊಟ್ಟಳು. "ಇದ್ರಲ್ಲಿ ಏನು ಕಾಣತ್ತೆ, ಹೇಳು ನೋಡೋಣ."

ಅವಳು ಚೌಕ ಓದಿದಳು. ದಪ್ಪ ಗೆರೆಯ ಮೇಲೆ ಬೆರಳಾಡಿಸಿದಳು. "ನನ್ನ ಮಗುನೂ ಈ ಗೆರೆಲಿ ಇರಬಹುದಿತ್ತು, ಅಲ್ವಾ ಅಕ್ಕ?"

ತೂಕದಕ್ಕ ಹಾಳೆ ಇಸಿದುಕೊಂಡು ಮೀಟಿಂಗಿಗೆ ಹೋದಳು.

ಡಾಕ್ಟರು ಈ ಸಲ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನಿನ್ನೆ ನಾನೇ ಉಲ್ಟಾ ಓದಿದ್ನಾ? ಆದರೆ ಇದರಲ್ಲಿರೋದು ಬರೀ ಹದಿನಾಲ್ಕು ಮಕ್ಕಳ ಲೆಕ್ಕ, ಸಾಲದಮ್ಮ." ದಪ್ಪ ಗೆರೆಯನ್ನು ಇನ್ನೊಮ್ಮೆ ನೋಡಿದರು. "ಆದ್ರೂ ಒಂದು ತಿಂಗಳು ನೋಡೋಣ. ನಾಲ್ಕು ಕುರ್ಚಿ ಹಾಕ್ಸಿ, ಒರಗೋಕೆ ಬೆನ್ನಿರೋದು."

ಮೊದಲ ಕುರ್ಚಿಯನ್ನು ತೂಕದಕ್ಕ ತಾನೇ ಎಳೆದು ತಂದು, ಬೆಂಚಿನ ತುದಿಯ ಬಾಣಂತಿಯನ್ನು ಕೂರಿಸಿದಳು. ನಾಲ್ಕನೇ ಬೆಳಿಗ್ಗೆ ಆ ಬಾಣಂತಿಯ ಕೂಸಿನ ತೂಕ ಹಿಂದಿನ ದಿನಕ್ಕಿಂತ ಇಪ್ಪತ್ತೈದು ಗ್ರಾಂ ಮೇಲೆ. ಬರೆಯುವ ಮುಂಚೆ ಇನ್ನೊಂದು ಸಲ ತೂಗಿದಳು. ಇಪ್ಪತ್ತೈದೇ.